ಮುಳುಗಲೆಂದೇ ಕಟ್ಟಿದ ಸೇತುವೆಗಳು: ಕ್ರೂಗರ್ ಉದ್ಯಾನದಲ್ಲಿ ನದಿ ದಾಟುವ ಬಗೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಆಗ್ನೇಯ ಮೂಲೆಯಲ್ಲಿ ಕ್ರೊಕೊಡೈಲ್ ಬ್ರಿಜ್ ಎಂಬ ಪ್ರವೇಶದ್ವಾರವಿದೆ. ಅಲ್ಲಿಂದ ಕಾಡಿನೊಳಗೆ ಹೋಗಬೇಕಾದವರು ಮೊಸಳೆಯ ಹೆಸರನ್ನೇ ಹೊತ್ತಿರುವ ನದಿಯನ್ನು, ನೀರಿನಿಂದ ಹೆಚ್ಚೇನೂ ಮೇಲೇಳದ ಒಂದು ಕಿರಿದಾದ ಕಾಂಕ್ರೀಟ್ ಸೇತುವೆಯ ಮೇಲೆ ದಾಟಬೇಕು. ಜನವರಿಯ ಅಥವಾ ಫೆಬ್ರವರಿಯ ಒಂದು ಬೆಳಗ್ಗೆ, ಆಕಾಶದಲ್ಲಿ ಮೋಡದ ಸುಳಿವೂ ಇಲ್ಲದಿರುವಾಗ, ಅಲ್ಲಿಗೆ ಬಂದ ಪ್ರವಾಸಿಗೆ ಸೇತುವೆ ಮುಚ್ಚಿದೆ ಎಂಬ ಸೂಚನೆ ಎದುರಾಗುವುದುಂಟು. ಕಂದು ಬಣ್ಣದ ನೀರು ಸೇತುವೆಯ ಮೇಲೆಯೇ ಹರಿಯುತ್ತಿರುತ್ತದೆ. ಆಚೆ ದಡ ಕಣ್ಣೆದುರೇ ಇದ್ದರೂ ಪಶ್ಚಿಮದ ಮಲೆಲೇನ್ ದ್ವಾರದವರೆಗೆ ಸುತ್ತು ಹಾಕಿ ಹೋಗುವುದು ಅನಿವಾರ್ಯವಾಗುತ್ತದೆ. ಇಷ್ಟು ಹೆಸರುವಾಸಿಯಾದ ಉದ್ಯಾನದಲ್ಲಿ ಮಳೆ ಬಂದರೆ ಮುಳುಗುವ ಸೇತುವೆಯನ್ನು ಏಕೆ ಉಳಿಸಿಕೊಂಡಿದ್ದಾರೆ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಯಾರಿಗಾದರೂ ಬಂದೀತು. ಉತ್ತರವನ್ನು ಹುಡುಕುತ್ತಾ ಹೋದರೆ ನದಿಗಳ ಸ್ವಭಾವ, ಉದ್ಯಾನದ ಚರಿತ್ರೆ, ನೀರಿನ ಭೌತಶಾಸ್ತ್ರ ಮತ್ತು ಮೀನುಗಳ ವಲಸೆಯವರೆಗೆ ವಿಷಯ ಹರಡಿಕೊಳ್ಳುತ್ತದೆ.

ಮೊದಲು ಭೂಪಟವನ್ನು ನೋಡೋಣ. ಕ್ರೂಗರ್ ಉತ್ತರ-ದಕ್ಷಿಣವಾಗಿ ಸುಮಾರು 360 ಕಿಲೋಮೀಟರ್ ಉದ್ದವಿರುವ, ಅಗಲದಲ್ಲಿ ಸರಾಸರಿ 65 ಕಿಲೋಮೀಟರಷ್ಟೇ ಇರುವ ಪಟ್ಟಿಯಂಥ ಪ್ರದೇಶ; ವಿಸ್ತೀರ್ಣ ಹತ್ತಿರ ಹತ್ತಿರ 19,500 ಚದರ ಕಿಲೋಮೀಟರ್. ನದಿಗಳಾದರೋ ಈ ಪಟ್ಟಿಯನ್ನು ಅಡ್ಡಲಾಗಿ, ಪಶ್ಚಿಮದಿಂದ ಪೂರ್ವಕ್ಕೆ, ಸೀಳಿಕೊಂಡು ಮೊಜಾಂಬಿಕ್‌ಗೆ ಇಳಿಯುತ್ತವೆ. ದಕ್ಷಿಣದ ಗಡಿಯಲ್ಲಿ ಕ್ರೊಕೊಡೈಲ್, ಅದರ ಮೇಲಕ್ಕೆ ಸಾಬಿ, ನಡುವಿನಲ್ಲಿ ಓಲಿಫಂಟ್ಸ್ ಮತ್ತು ಲೆಟಾಬಾ, ಇನ್ನೂ ಉತ್ತರಕ್ಕೆ ಶಿಂಗ್ವೆಡ್ಜಿ, ಲುವುವು, ಕೊನೆಗೆ ಜಿಂಬಾಬ್ವೆಯ ಗಡಿಯಾದ ಲಿಂಪೊಪೊ. ಪ್ರವಾಸಿಗರ ಮುಖ್ಯರಸ್ತೆ ಉದ್ಯಾನದ ಉದ್ದಕ್ಕೂ ಓಡುವುದರಿಂದ ಅದು ಒಂದಾದ ಮೇಲೊಂದು ನದಿಯನ್ನು ದಾಟಲೇಬೇಕು. ಹೊಳೆಯನ್ನು ತಪ್ಪಿಸಿಕೊಂಡು ಹೋಗುವ ದಾರಿಯೆಂಬುದು ಇಲ್ಲಿಲ್ಲ. ದೊಡ್ಡ ನದಿಗಳ ನಡುವೆ ವರ್ಷದ ಬಹುಪಾಲು ಒಣಗಿಯೇ ಇರುವ ಮರಳು ಹಳ್ಳಗಳೂ ಲೆಕ್ಕವಿಲ್ಲದಷ್ಟಿವೆ.

ಉದ್ಯಾನದೊಳಗೆ ಬೀಳುವ ಮಳೆ ಕಡಿಮೆ, ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು. ಆದರೆ ಸಾಬಿ, ಲೆಟಾಬಾಗಳಂಥ ನದಿಗಳು ಹುಟ್ಟುವುದು ಪಶ್ಚಿಮದಲ್ಲಿ ಗೋಡೆಯಂತೆ ಎದ್ದು ನಿಂತ ಡ್ರಾಕೆನ್ಸ್‌ಬರ್ಗ್ ಶ್ರೇಣಿಯ ಅಂಚಿನಲ್ಲಿ. ಹಿಂದೂ ಮಹಾಸಾಗರದ ತೇವವನ್ನು ಹೊತ್ತು ಬರುವ ಗಾಳಿ ಆ ಗೋಡೆಗೆ ತಾಗಿ ಮೇಲೇರುವಾಗ ಅಲ್ಲಿ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟದಲ್ಲಿ ಮಳೆ ಹಿಡಿದರೆ ಬಯಲುಸೀಮೆಯ ಹೊಳೆ ಬಿಸಿಲಿನಲ್ಲೇ ಉಕ್ಕುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆಗಾಲ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಅವರ ಬೇಸಿಗೆಯಲ್ಲಿ ಬರುತ್ತದೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲ ಪೂರ್ತಿ ಒಣಹವೆ. ಹೀಗಾಗಿ ಆಗಸ್ಟ್‌ನಲ್ಲಿ ಬಂಡೆಗಳ ನಡುವೆ ನುಸುಳುವ ಕಿರುತೊರೆಯಾಗಿ ಕಾಣುವ ನದಿಯೇ ಫೆಬ್ರವರಿಯಲ್ಲಿ ದಡದಿಂದ ದಡಕ್ಕೆ ತುಂಬಿ, ಮರದ ದಿಮ್ಮಿಗಳನ್ನು ಹೊತ್ತು ಧಾವಿಸುತ್ತದೆ. ಈ ಎರಡು ಸ್ಥಿತಿಗಳಲ್ಲಿ ಯಾವುದಕ್ಕೆ ತಕ್ಕ ಸೇತುವೆಯನ್ನು ಕಟ್ಟಬೇಕು ಎಂಬುದೇ ಇಲ್ಲಿನ ಎಂಜಿನಿಯರುಗಳ ಮೂಲ ಪ್ರಶ್ನೆ.

ಇಲ್ಲಿನ ಮೊದಲ ದೊಡ್ಡ ಸೇತುವೆಗಳು ಪ್ರಾಣಿಗಳನ್ನು ನೋಡುವವರಿಗಾಗಿ ಕಟ್ಟಿದವಲ್ಲ. 1890ರ ದಶಕದಲ್ಲಿ ಚಿನ್ನದ ನಿಕ್ಷೇಪಗಳ ಆಸೆಯಿಂದ ಕೊಮಾಟಿಪೂರ್ಟ್‌ನಿಂದ ಉತ್ತರಕ್ಕೆ ಸೆಲಾಟಿ ಎಂಬ ರೈಲುಮಾರ್ಗವನ್ನು ಹಾಕಲು ಆರಂಭಿಸಿದರು. ಹಣಕಾಸಿನ ಅವ್ಯವಹಾರದಲ್ಲಿ ಸಿಕ್ಕಿಕೊಂಡ ಆ ಯೋಜನೆ ಅರ್ಧಕ್ಕೆ ನಿಂತು, ಮುಂದಿನ ಶತಮಾನದ ಆರಂಭದ ವರ್ಷಗಳಲ್ಲಿ ಮತ್ತೆ ಚಾಲನೆ ಪಡೆಯಿತು; ಸಾಬಿ ನದಿಗೆ ಅಡ್ಡಲಾಗಿ ಇಂದಿಗೂ ನಿಂತಿರುವ ಉಕ್ಕಿನ ರೈಲುಸೇತುವೆ 1912ರದು. ಇದಕ್ಕೂ ಮೊದಲೇ, 1898ರಲ್ಲಿ, ಈ ಭಾಗವನ್ನು ಸಾಬಿ ಅಭಯಾರಣ್ಯವೆಂದು ಘೋಷಿಸಲಾಗಿತ್ತು. 1902ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ನೆಲೆಯೂರಿದ ಜಾಗಕ್ಕೆ ಸಾಬಿ ಬ್ರಿಜ್ ಎಂದೇ ಹೆಸರಿತ್ತು. ಸ್ಥಳೀಯ ತ್ಸೊಂಗಾ ಜನ ಆತನಿಗಿಟ್ಟ ಅಡ್ಡಹೆಸರಾದ ಸ್ಕುಕುಜಾ, ಎಂದರೆ ಗುಡಿಸಿ ಹಾಕುವವ, ಎಂಬುದು ಆ ಊರಿಗೆ ಅಂಟಿಕೊಂಡದ್ದು 1936ರಲ್ಲಿ. ಇಂದು ಅದು ಉದ್ಯಾನದ ಆಡಳಿತ ಕೇಂದ್ರ. ಒಂದು ಸೇತುವೆ, ಒಂದು ಬೈಗುಳದಂಥ ಬಿರುದು: ಊರಿಗೆ ಹೆಸರು ಬರುವ ದಾರಿಗಳು ಎಲ್ಲಿಯೂ ಒಂದೇ ಎನ್ನಿಸುತ್ತದೆ.

1923ರಲ್ಲಿ ದಕ್ಷಿಣ ಆಫ್ರಿಕಾದ ರೈಲ್ವೆ ಒಂಬತ್ತು ದಿನಗಳ ಪ್ರವಾಸವೊಂದನ್ನು ಆರಂಭಿಸಿತು. ಅದರ ಗುರಿ ಬೇರೆ ಕಡೆಯ ನೋಟಗಳೇ ಆಗಿದ್ದರೂ, ರೈಲು ಸಾಬಿ ಬ್ರಿಜ್ ಬಳಿ ರಾತ್ರಿ ತಂಗಿದಾಗ ಕಾಡಿನ ಅಂಚಿನಲ್ಲಿ ಬೆಂಕಿ ಹಾಕಿಕೊಂಡು ಕುಳಿತ ಅನುಭವವೇ ಪ್ರಯಾಣಿಕರಿಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾಯಿತು. ವನ್ಯಜೀವಿಗಳನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬುದು ಖಚಿತವಾದದ್ದು ಹೀಗೆ, ಒಂದು ಸೇತುವೆಯ ಮಗ್ಗುಲಲ್ಲಿ. 1926ರಲ್ಲಿ ರಾಷ್ಟ್ರೀಯ ಉದ್ಯಾನದ ಕಾಯಿದೆ ಬಂತು. 1927ರಲ್ಲಿ ಮೊದಲ ಮೂರು ಕಾರುಗಳು ಒಳಬಂದವು. ಮರುವರ್ಷ 180, ಅದರ ಮರುವರ್ಷ 850. ಕಾರುಗಳು ಬಂದವೇ ಹೊರತು ಅವುಗಳಿಗೆ ನದಿ ದಾಟಲು ಏನೂ ಇರಲಿಲ್ಲ. ದೊಡ್ಡ ನದಿಗಳಲ್ಲಿ ಪಾಂಟೂನ್, ಅಂದರೆ ಹಗ್ಗ ಹಿಡಿದು ಎಳೆಯುವ ಚಪ್ಪಟೆ ತೆಪ್ಪದ ಮೇಲೆ ಕಾರನ್ನು ಹತ್ತಿಸಿ, ಒಂದೊಂದನ್ನಾಗಿ ಆಚೆ ದಡಕ್ಕೆ ಸಾಗಿಸುತ್ತಿದ್ದರು.

ಆ ಕಾಲದ ಒಂದು ನಿಯಮವನ್ನು ಮರೆತರೆ ಕ್ರೂಗರ್‌ನ ಸೇತುವೆಗಳು ಅರ್ಥವಾಗುವುದಿಲ್ಲ. ಮಲೇರಿಯಾದ ಭಯ ಮತ್ತು ಕೆಸರಾಗುವ ರಸ್ತೆಗಳ ಕಾರಣದಿಂದ ಮೊದಲ ದಶಕಗಳಲ್ಲಿ ಉದ್ಯಾನದ ಬಹುಭಾಗ ಬೇಸಿಗೆಯಲ್ಲಿ ಮುಚ್ಚಿರುತ್ತಿತ್ತು. ಪ್ರವಾಸಿಗರು ಬರುತ್ತಿದ್ದದ್ದು ಒಣ ಚಳಿಗಾಲದಲ್ಲಿ. ನದಿ ತುಂಬಿದಾಗ ದಾಟುವವರೇ ಇಲ್ಲವೆಂದ ಮೇಲೆ ತುಂಬಿದ ನದಿಗೆ ಮೇಲಾಗುವ ಸೇತುವೆಯ ಅಗತ್ಯವೇನಿತ್ತು? ನದಿಯ ಹಾಸಿನ ಮೇಲೆ ತಗ್ಗಾದ ಕಾಂಕ್ರೀಟ್ ದಾರಿಯೊಂದನ್ನು ಹಾಕಿದರೆ ಸಾಕಾಗಿತ್ತು. ಕ್ರಮೇಣ ಉದ್ಯಾನ ವರ್ಷಪೂರ್ತಿ ತೆರೆಯಿತು, ಔಷಧಿ ಬಂತು, ರಸ್ತೆಗೆ ಡಾಂಬರು ಬಂತು. ತಗ್ಗು ಸೇತುವೆಗಳು ಮಾತ್ರ ಹಲವೆಡೆ ಹಾಗೆಯೇ ಉಳಿದವು. ಇಂದು ಮಳೆಗಾಲದ ಪ್ರವಾಸಿಯನ್ನು ತಡೆದು ನಿಲ್ಲಿಸುವುದು ಚಳಿಗಾಲದ ಪ್ರವಾಸಿಗಾಗಿ ಹಾಕಿದ ಆ ಹಳೆಯ ಲೆಕ್ಕವೇ ಎಂದು ನನಗನ್ನಿಸುತ್ತದೆ.

ಉದ್ಯಾನದಲ್ಲಿ ಇಂದು ಕಾಣುವ ದಾಟುಗಳಲ್ಲಿ ತೀರ ಸರಳವಾದದ್ದು ಡ್ರಿಫ್ಟ್. ಹಳ್ಳದ ಮರಳಿನಲ್ಲಿ ಚಕ್ರ ಹೂಳದಂತೆ, ಹಳ್ಳದ ಮಟ್ಟಕ್ಕೇ ಹಾಸಿದ ಕಾಂಕ್ರೀಟ್ ಚಪ್ಪಡಿ ಅದು. ರಸ್ತೆ ದಡದಿಂದ ಇಳಿದು, ಹಳ್ಳವನ್ನು ಅಡ್ಡಹಾಯ್ದು, ಆಚೆ ಏರುತ್ತದೆ. ನೀರಿಗೆ ಅಡ್ಡಿಯೇ ಇಲ್ಲದ ಕಾರಣ ಅದಕ್ಕೆ ಹಾನಿಯೂ ಕಡಿಮೆ. ನೀರು ಬಂದಾಗ ಕಾಯಬೇಕು, ಇಳಿದಾಗ ಹೋಗಬೇಕು. ಅದರ ಮೇಲಿನ ಮೆಟ್ಟಿಲು ತಗ್ಗು ಸೇತುವೆ, ಇಲ್ಲಿನವರು ಕಾಸ್‌ವೇ ಎನ್ನುವಂಥದ್ದು. ಇದರಲ್ಲಿ ಕಾಂಕ್ರೀಟ್ ಹಾಸನ್ನು ಗಿಡ್ಡ ಕಂಬಗಳ ಮೇಲೋ ಸಾಲು ಮೋರಿಗಳ ಮೇಲೋ ಕೂರಿಸಿರುತ್ತಾರೆ. ದಿನನಿತ್ಯದ ಹರಿವು ಅಡಿಯಿಂದ ಹೋಗುತ್ತದೆ, ಪ್ರವಾಹ ಮೇಲಿನಿಂದ ಹೋಗುತ್ತದೆ. ಮೂರನೆಯದು ಎತ್ತರದ ಕಂಬಗಳ ಮೇಲೆ ದಡದಿಂದ ದಡಕ್ಕೆ ಸಮತಟ್ಟಾಗಿ ಸಾಗುವ ಎತ್ತರದ ಸೇತುವೆ. ಓಲಿಫಂಟ್ಸ್, ಲೆಟಾಬಾ, ಲುವುವು ನದಿಗಳನ್ನು ಮುಖ್ಯರಸ್ತೆ ದಾಟುವುದು ಇಂಥ ಸೇತುವೆಗಳ ಮೇಲೆ. ಸ್ಕುಕುಜಾ ಬಳಿಯಲ್ಲಿ ಎರಡೂ ಬಗೆಗಳು ಜೊತೆಗೇ ಇವೆ: ಎಚ್1-2 ರಸ್ತೆ ಸಾಬಿ ನದಿಯನ್ನು ತಗ್ಗು ಸೇತುವೆಯಲ್ಲಿ ದಾಟುತ್ತದೆ, ಎಚ್12 ಎಂಬ ತುಂಡುರಸ್ತೆ ಅದೇ ನದಿಯನ್ನು ಎತ್ತರದಲ್ಲಿ ದಾಟಿ ಎಚ್1-2ಕ್ಕೆ ಹೋಗಿ ಸೇರುತ್ತದೆ. ನೀರು ಕಡಿಮೆಯಿದ್ದಾಗ ಅನುಭವಸ್ಥರು ತಗ್ಗಿನದನ್ನೇ ಆರಿಸಿಕೊಳ್ಳುತ್ತಾರೆ. ಕಾರಣವನ್ನು ಮುಂದೆ ನೋಡೋಣ.

ಮುಳುಗುವ ಸೇತುವೆಯನ್ನು ಕಟ್ಟುವುದು ಸುಲಭವೆಂದು ತೋರಬಹುದು. ವಾಸ್ತವದಲ್ಲಿ ಮುಳುಗಿಯೂ ಉಳಿಯುವ ಸೇತುವೆಯನ್ನು ಕಟ್ಟುವುದು ಬೇರೆಯೇ ಬಗೆಯ ಕೌಶಲ. ಸಾಮಾನ್ಯ ಸೇತುವೆ ಹೊರಬೇಕಾದದ್ದು ಮೇಲಿನಿಂದ ಕೆಳಕ್ಕೆ ಒತ್ತುವ ವಾಹನಗಳ ಭಾರವನ್ನು. ಮುಳುಗುವ ಸೇತುವೆ ಅದರ ಜೊತೆಗೆ ಪಕ್ಕದಿಂದ ನೂಕುವ ನೀರನ್ನೂ, ಅಡಿಯಿಂದ ಎತ್ತುವ ನೀರನ್ನೂ ತಾಳಿಕೊಳ್ಳಬೇಕು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿಯುವ ನೀರು ತನಗೆ ಅಡ್ಡ ನಿಂತ ಪ್ರತಿ ಚದರ ಮೀಟರ್ ಮೇಲೆ ಸುಮಾರು ಅರ್ಧ ಟನ್ನಿನ ಒತ್ತಡ ಹೇರುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗಿ ಎರಡು ಟನ್ನಿನ ಹತ್ತಿರ ಹೋಗುತ್ತದೆ. ಈಗ 50 ಮೀಟರ್ ಉದ್ದದ ಸೇತುವೆಗೆ ಒಂದು ಮೀಟರ್ ಎತ್ತರದ ಕಟಾಂಜನ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಸರಳುಗಳ ಸಂದಿಯಿಂದ ನೀರು ತೂರಿಹೋಗುವವರೆಗೆ ತೊಂದರೆಯಿಲ್ಲ. ಆದರೆ ಪ್ರವಾಹದ ನೀರು ಬರಿಯ ನೀರಲ್ಲ. ಅದರಲ್ಲಿ ಜೊಂಡು, ಬಳ್ಳಿ, ಬೇರುಸಹಿತ ಕಿತ್ತುಬಂದ ಅತ್ತಿಯ ಜಾತಿಯ ಮರಗಳು ಇರುತ್ತವೆ. ಅವು ಸರಳಿಗೆ ಸಿಕ್ಕಿಕೊಂಡರೆ ಕೆಲವೇ ಹೊತ್ತಿನಲ್ಲಿ ಕಟಾಂಜನವು ಗೋಡೆಯಾಗುತ್ತದೆ. ಸೆಕೆಂಡಿಗೆ 3 ಮೀಟರಿನ ವೇಗಕ್ಕೇ ಆ ಗೋಡೆಯ ಮೇಲೆ ಬೀಳುವ ಒತ್ತಡ 25 ಟನ್ನಿನಷ್ಟು. ಗೋಡೆ ಕಿತ್ತುಹೋಗದಿದ್ದರೆ ಸೇತುವೆಯನ್ನೇ ಎಳೆದುಕೊಂಡು ಹೋಗುತ್ತದೆ.

ತಗ್ಗು ಸೇತುವೆಗಳಿಗೆ ಕಟಾಂಜನ ಇಲ್ಲದಿರುವುದು, ಅಂಚಿನಲ್ಲಿ ಮೊಣಕಾಲಿನೆತ್ತರಕ್ಕೂ ಬಾರದ ಕಾಂಕ್ರೀಟ್ ದಿಂಡುಗಳು ಮಾತ್ರ ಬಿಡಿಬಿಡಿಯಾಗಿ ಇರುವುದು ಈ ಕಾರಣದಿಂದಲೇ. ಹೊಸಬರಿಗೆ ಅದು ಜಿಪುಣತನದಂತೆಯೋ ಅಜಾಗರೂಕತೆಯಂತೆಯೋ ಕಾಣುತ್ತದೆ. ಕಟ್ಟಿದವರ ದೃಷ್ಟಿಯಲ್ಲಿ ಅದು ನೀರಿಗೆ ಹಿಡಿಯಲು ಏನನ್ನೂ ಉಳಿಸದಿರುವ ಉಪಾಯ. ಅದೇ ಉಪಾಯದ ಮುಂದುವರಿಕೆಯಾಗಿ ಹಾಸನ್ನು ತೆಳ್ಳಗೆ, ಅಂಚುಗಳನ್ನು ನುಣುಪಾಗಿ ಇಟ್ಟು, ಕಂಬಗಳ ಮೇಲ್ಹೊಳೆಯ ಮುಖವನ್ನು ದೋಣಿಯ ಮೂತಿಯಂತೆ ಮೊನಚಾಗಿಸುತ್ತಾರೆ. ಎತ್ತುವ ಬಲದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ; ನೀರಿನಲ್ಲಿ ಮುಳುಗಿದೊಡನೆ ಅದು ತನ್ನ ತೂಕದಲ್ಲಿ 1,000 ಕಿಲೋ ಕಳೆದುಕೊಳ್ಳುತ್ತದೆ. ಹಾಸಿನ ಅಡಿಯಲ್ಲಿ ತೊಲೆಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಸೇತುವೆ ಇನ್ನಷ್ಟು ಹಗುರಾಗುತ್ತದೆ. ಹೀಗೆ ಹಗುರಾದ ಹೊತ್ತಿನಲ್ಲೇ ಪಕ್ಕದ ನೂಕು ಅತಿ ಹೆಚ್ಚಿರುತ್ತದೆ. ಆದ್ದರಿಂದ ಹಾಸನ್ನು ಕಂಬಕ್ಕೂ, ಕಂಬವನ್ನು ಅಡಿಯ ಬಂಡೆಗೂ ಉಕ್ಕಿನ ಸರಳುಗಳಿಂದ ಬಿಗಿದು ಕಟ್ಟಬೇಕಾಗುತ್ತದೆ. ಸ್ವಂತ ಭಾರದಿಂದಲೇ ಕುಳಿತಿರಲಿ ಎಂದು ಬಿಟ್ಟರೆ ಅದು ಕುಳಿತಿರುವುದಿಲ್ಲ.

ಇಷ್ಟಾದರೂ ಪ್ರವಾಹದ ನಂತರ ಹೆಚ್ಚಾಗಿ ಹಾಳಾಗಿ ಕಾಣುವುದು ಸೇತುವೆಯ ನಡುಭಾಗವಲ್ಲ, ಅದರ ತುದಿಗಳು. ನದಿಯೊಳಗಿನ ಕಾಂಕ್ರೀಟ್ ಬಂಡೆಯ ಮೇಲೆ ನಿಂತಿರುತ್ತದೆ, ಆದರೆ ಎರಡೂ ದಡಗಳಲ್ಲಿ ರಸ್ತೆಯನ್ನು ಸೇತುವೆಗೆ ಜೋಡಿಸುವುದು ತುಂಬಿಸಿ ಗಟ್ಟಿ ಮಾಡಿದ ಮಣ್ಣು. ನೀರು ಸೇತುವೆಯನ್ನು ಬಳಸಿಕೊಂಡು ದಡದ ಕಡೆಯಿಂದ ದಾರಿ ಹುಡುಕಿದಾಗ ಆ ಮಣ್ಣು ಕೊಚ್ಚಿಹೋಗುತ್ತದೆ. ಸೇತುವೆ ಮಾತ್ರ ನದಿಯ ನಡುವೆ ಯಾವ ದಡಕ್ಕೂ ಸೇರದೆ ನಿಂತಿರುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ ಕೊರೆತ. ಕಂಬಕ್ಕೆ ಬಡಿದ ನೀರು ಕೆಳಮುಖವಾಗಿ ಸುಳಿಯಾಗಿ ತಿರುಗಿ ಅದರ ಬುಡದ ಮರಳನ್ನು ಅಗೆಯುತ್ತದೆ, ಪ್ರವಾಹ ಇಳಿಯುವಾಗ ಅದೇ ಗುಂಡಿ ಸಡಿಲ ಮರಳಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಮೊದಲಿನಂತೆಯೇ ಇದೆ. ನೀರು ಇಳಿದ ಮಾರನೆಯ ದಿನವೇ ಸೇತುವೆಯನ್ನು ತೆರೆಯದೆ, ಕಸ ತೆಗೆದು, ಬುಡವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ತಂತಿಜಾಲದ ಪಂಜರಗಳಲ್ಲಿ ಕಲ್ಲು ತುಂಬಿ ದಡಕ್ಕೆ ಕಾವಲು ಕಟ್ಟಿದ ಮೇಲೆಯೇ ಸಂಚಾರ ಬಿಡುವುದಕ್ಕೆ ಇದು ಕಾರಣ. ಸಾಬಿಯಂಥ ನದಿಯಲ್ಲಿ ಗ್ರಾನೈಟ್ ಮತ್ತು ನೈಸ್ ಬಂಡೆಗಳು ಅಲ್ಲಲ್ಲಿ ಮೇಲೆಯೇ ಕಾಣುವುದರಿಂದ ಅಡಿಪಾಯಕ್ಕೆ ನೆಲೆ ಸಿಗುತ್ತದೆ. ಮರಳು ಆಳವಾಗಿ ತುಂಬಿರುವ ನದಿಗಳಲ್ಲಿ ಬಂಡೆ ಸಿಗುವವರೆಗೆ ಇಳಿಯಬೇಕು, ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ.

ನೀರು ಸೇತುವೆಯ ಮೇಲೆ ತೆಳ್ಳಗೆ ಹರಿಯುತ್ತಿರುವಾಗ, ‘ಇಷ್ಟೇ ತಾನೇ’ ಎಂದು ಕಾರು ಇಳಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಸಾಧಾರಣ ಕಾರಿನ ತಳ ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರಿಗೆ ಸ್ವಲ್ಪ ಮೇಲ್ಪಟ್ಟ ಅಗಲ, ಅಂದರೆ ಸುಮಾರು ಆರು ಚದರ ಮೀಟರ್. ನೀರು ಆ ತಳದಿಂದ 20 ಸೆಂಟಿಮೀಟರ್ ಮೇಲೇರಿದರೆ ಕಾರು ಪಕ್ಕಕ್ಕೆ ಸರಿಸಿದ ನೀರಿನ ತೂಕ 1,200 ಕಿಲೋ ಆಗುತ್ತದೆ, ಇದು ಬಹುತೇಕ ಸಣ್ಣ ಕಾರುಗಳ ತೂಕಕ್ಕೆ ಸಮ. ತಳವೇ ನೆಲದಿಂದ ಹದಿನೈದಿಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿ ಇರುವುದನ್ನು ಸೇರಿಸಿದರೆ, ಮೊಣಕಾಲಿಗೂ ಬಾರದ ನೀರಿನಲ್ಲಿ ಕಾರು ತೇಲತೊಡಗುತ್ತದೆ. ಪೂರ್ತಿ ತೇಲಬೇಕೆಂದೂ ಇಲ್ಲ. ಅರ್ಧ ಹಗುರಾದರೂ ಟಯರಿನ ಹಿಡಿತ ಅರ್ಧವಾಗುತ್ತದೆ, ಆಗ ಪಕ್ಕದಿಂದ ಬರುವ ಸಣ್ಣ ನೂಕೇ ಸಾಕು. ಅಂಚಿನಲ್ಲಿ ತಡೆಯಲು ಕಟಾಂಜನವಿಲ್ಲ ಎಂಬುದನ್ನು ಈಗಷ್ಟೇ ನೋಡಿದೆವು. ಕೆಳಗೆ ಕಾದಿರುವ ಮೊಸಳೆ, ನೀರಾನೆಗಳ ವಿಷಯ ಆಮೇಲಿನದು. ಉದ್ಯಾನದ ಸಿಬ್ಬಂದಿ ನೀರು ಹಾಸನ್ನು ಮುಟ್ಟುವ ಹೊತ್ತಿಗೇ ದಾರಿ ಮುಚ್ಚುವುದನ್ನು ಅತಿ ಎಚ್ಚರಿಕೆಯೆಂದು ಗೊಣಗುವವರು ಈ ಗುಣಾಕಾರವನ್ನು ಮಾಡಿರುವುದಿಲ್ಲ.

2000ದ ಫೆಬ್ರವರಿಯಲ್ಲಿ ಕ್ರೂಗರ್ ಕಂಡದ್ದು ಈ ಎಲ್ಲ ಲೆಕ್ಕಗಳನ್ನೂ ಮೀರಿದ ನೀರು. ತಿಂಗಳ ಮೊದಲ ವಾರದಲ್ಲೇ ಭಾರೀ ಮಳೆ ಸುರಿದು ನೆಲ ನೀರು ಕುಡಿದು ತಣಿದಿತ್ತು. ಅದರ ಮೇಲೆ 22ರಂದು ಎಲೀನ್ ಚಂಡಮಾರುತ ಮೊಜಾಂಬಿಕ್ ಕರಾವಳಿಯನ್ನು ದಾಟಿ ಒಳನಾಡಿಗೆ ನುಗ್ಗಿತು. ಸಾಬಿ ನದಿ ಸ್ಕುಕುಜಾದ ತಂಗುದಾಣದೊಳಕ್ಕೇ ಬಂತು. ತಗ್ಗು ಸೇತುವೆಗಳು ಮುಳುಗಿದವು, ಹಲವು ಮುರಿದವು, ರಸ್ತೆಗಳು ಕೊಚ್ಚಿಹೋದವು. ನದಿಯ ಒಡಲಿನಲ್ಲಿ ದಶಕಗಳಿಂದ ಸೇರಿದ್ದ ಮರಳು ಮತ್ತು ಅದರ ಮೇಲೆ ಬೆಳೆದಿದ್ದ ದೊಡ್ಡ ಮರಗಳು ಗುಡಿಸಿಹೋಗಿ, ಉದ್ದುದ್ದಕ್ಕೆ ಬರಿಯ ಬಂಡೆ ಕಾಣತೊಡಗಿತು. ಸಾಬಿಯ ದಡದ ಕಾಡು ಮತ್ತೆ ಹೊಸದಾಗಿ ಚಿಗುರಬೇಕಾಯಿತು. ಇದೇ ನೀರು ಕೆಳಗೆ ಮೊಜಾಂಬಿಕ್‌ನ ಬಯಲಿನಲ್ಲಿ ನೂರಾರು ಜನರ ಪ್ರಾಣ ತೆಗೆಯಿತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಉದ್ಯಾನದ ನಷ್ಟದ ಮಾತು ಅದರ ಮುಂದೆ ಸಣ್ಣದು. 2012ರ ಜನವರಿಯಲ್ಲಿ ಡ್ಯಾಂಡೊ ಎಂಬ ವಾಯುಭಾರ ಕುಸಿತ ಮತ್ತೆ ಸೇತುವೆಗಳನ್ನು ಮುರಿಯಿತು, ಸಿಕ್ಕಿಹಾಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಮರುವರ್ಷದ ಜನವರಿಯಲ್ಲಿ ಉತ್ತರದ ಶಿಂಗ್ವೆಡ್ಜಿ, ಲೆಟಾಬಾ, ಓಲಿಫಂಟ್ಸ್ ನದಿಗಳ ಸರದಿ.

ಇಷ್ಟಾದ ಮೇಲೆ ಎಲ್ಲವನ್ನೂ ಎತ್ತರಿಸಬಾರದೇ ಎಂದು ಕೇಳುವುದು ಸಹಜ. ದುಡ್ಡು ಮೊದಲ ಅಡ್ಡಿ. ಎತ್ತರ ಹೆಚ್ಚಿದಂತೆ ಸೇತುವೆ ಉದ್ದವೂ ಆಗಬೇಕು, ಏಕೆಂದರೆ ಅದು ಈಗಿನ ನೀರಿನ ಅಂಚಿನಿಂದಲ್ಲ, ಪ್ರವಾಹದ ನೀರು ತಲುಪುವ ದಡದಿಂದ ದಡಕ್ಕೆ ಚಾಚಿಕೊಳ್ಳಬೇಕು. ಉದ್ದವನ್ನು ಉಳಿಸಲು ಎರಡೂ ಕಡೆ ಮಣ್ಣಿನ ಒಡ್ಡು ಹಾಕಿ ನದಿಯನ್ನು ನಡುವಿಗೆ ಒತ್ತಿದರೆ, ಆ ಒಡ್ಡೇ ಪ್ರವಾಹಕ್ಕೆ ಅಣೆಕಟ್ಟಾಗಿ ಮೇಲ್ಹೊಳೆಯಲ್ಲಿ ನೀರನ್ನು ಹಿಮ್ಮೆಟ್ಟಿಸುತ್ತದೆ, ನಡುವಿನ ಇಕ್ಕಟ್ಟಿನಲ್ಲಿ ವೇಗ ಹೆಚ್ಚಿ ಕೊರೆತವೂ ಹೆಚ್ಚುತ್ತದೆ. ತಗ್ಗು ಸೇತುವೆ ಪ್ರವಾಹಕ್ಕೆ ದಾರಿ ಬಿಟ್ಟುಕೊಡುತ್ತದೆ, ಮುರಿದರೂ ಕಡಿಮೆ ಖರ್ಚಿನಲ್ಲಿ ಮತ್ತೆ ಕಟ್ಟಬಹುದು. ಹಾಗಾಗಿ ಪ್ರಶ್ನೆ ನಿಜಕ್ಕೂ ಹೀಗಿದೆ: ವರ್ಷದಲ್ಲಿ ಎಷ್ಟು ದಿನ ದಾರಿ ಮುಚ್ಚಿದರೆ ಸಹಿಸಬಹುದು? ಆಹಾರ, ಇಂಧನ, ಆಂಬುಲೆನ್ಸ್ ಎಲ್ಲವೂ ಸಾಗಬೇಕಾದ ಮುಖ್ಯರಸ್ತೆಯಲ್ಲಿ ಒಂದು ದಿನವೂ ಹೆಚ್ಚು; ಅಲ್ಲಿ ಎತ್ತರದ ಸೇತುವೆ ಬೇಕು. ಪ್ರಾಣಿಗಳನ್ನು ನೋಡಲೆಂದೇ ಸುತ್ತುವ ಅಡ್ಡರಸ್ತೆಯಲ್ಲಿ ಹತ್ತಿಪ್ಪತ್ತು ದಿನ ಮುಚ್ಚಿದರೂ ಜಗತ್ತು ಮುಳುಗುವುದಿಲ್ಲ. ಓಲಿಫಂಟ್ಸ್ ನದಿಗೆ ಮುಖ್ಯರಸ್ತೆಯಲ್ಲಿ ಎತ್ತರದ ಸೇತುವೆಯೂ, ಬಲೂಲೆ ಬಳಿ ಹಳೆಯ ತಗ್ಗು ಸೇತುವೆಯೂ ಇರುವುದನ್ನು ಹೀಗೆ ಓದಿಕೊಳ್ಳಬಹುದು. ಪ್ರವಾಹಗಳು ಮತ್ತೆ ಮತ್ತೆ ಹಾಳುಗೆಡವಿರುವುದು ಬಲೂಲೆಯದನ್ನೇ.

ನೀರಿನೊಳಗಿನ ಜೀವಿಗಳ ಕಡೆಯಿಂದ ನೋಡಿದರೆ ತಗ್ಗು ಸೇತುವೆಯ ಗುಣ ಅಷ್ಟು ಸರಳವಲ್ಲ. ಮೋರಿಗಳು ಸಣ್ಣದಾಗಿದ್ದರೆ ಅದು ಅರ್ಧ ಅಣೆಕಟ್ಟಿನಂತೆ ವರ್ತಿಸುತ್ತದೆ: ಮೇಲ್ಗಡೆ ನೀರು ಮಡುಗಟ್ಟಿ ಹೂಳು ಸೇರಿ ಜೊಂಡು ಬೆಳೆಯುತ್ತದೆ, ಕೆಳಗಡೆ ಹೂಳಿಲ್ಲದ ನೀರು ನೆಲವನ್ನು ಕೊರೆದು ಮೆಟ್ಟಿಲು ಮಾಡುತ್ತದೆ. ಆ ಮೆಟ್ಟಿಲು ಮೀನಿಗೆ ಗೋಡೆ. ಮಳೆಗಾಲದ ಹೊಸ ನೀರಿಗೆ ಎದುರೇರಿ ಮೊಟ್ಟೆಯಿಡಲು ಹೋಗುವ ಜಾತಿಗಳು ಮೋರಿಯೊಳಗಿನ ರಭಸದ ಹರಿವನ್ನು ಈಜಿ ದಾಟಲಾರದೆ ಕೆಳಗೇ ಉಳಿಯುತ್ತವೆ. ಹಿಂದೂ ಮಹಾಸಾಗರದಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ನದಿ ಹತ್ತಿ ಬಂದು, ಸಿಹಿನೀರಿನಲ್ಲಿ ಬೆಳೆದು, ಮತ್ತೆ ಸಮುದ್ರಕ್ಕೇ ಮರಳುವ ಹಾವುಮೀನಿಗಂತೂ ದಾರಿಯ ಪ್ರತಿಯೊಂದು ಅಡ್ಡಗಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಅದರ ಮರಿಗಳು ಒದ್ದೆ ಬಂಡೆಯನ್ನು ತೆವಳಿ ಏರಬಲ್ಲವು. ಒಣಗಿದ ಕಾಂಕ್ರೀಟನ್ನು ಏರಲಾರವು. ಆದ್ದರಿಂದ ಹೊಸದಾಗಿ ಕಟ್ಟುವಾಗ ಮೋರಿಯ ತಳವನ್ನು ನದಿಯ ತಳಕ್ಕೆ ಸಮವಾಗಿ ಇಡುವುದು, ಕೊಳವೆಗಳ ಬದಲು ಅಗಲವಾದ ಕಂಡಿಗಳನ್ನು ಬಿಡುವುದು, ಒಡ್ಡುಗಳ ಪಕ್ಕದಲ್ಲಿ ಮೀನಿಗಾಗಿ ಹಂತಹಂತದ ತೊಟ್ಟಿಗಳ ಏಣಿ ಕಟ್ಟುವುದು ಉತ್ತಮ ಪದ್ಧತಿ ಎನಿಸಿಕೊಂಡಿದೆ.

ಮೀನಿಗೆ ಅಡ್ಡಿಯಾದದ್ದು ಮೀನು ತಿನ್ನುವವರಿಗೆ ಸುಗ್ಗಿ. ಕಂಡಿಯಿಂದ ನೀರು ಧುಮುಕುವ ಜಾಗದಲ್ಲಿ ಮೊಸಳೆಗಳು ಬಾಯಿ ತೆರೆದು ಕಾಯುತ್ತವೆ. ಬಕಗಳು, ಮಿಂಚುಳ್ಳಿಗಳು ಅಂಚಿನ ದಿಂಡುಗಳ ಮೇಲೆ ಒಂದೊಂದಾಗಿ ಕುಳಿತಿರುತ್ತವೆ. ಮೇಲ್ಗಡೆಯ ಮಡುವಿನಲ್ಲಿ ನೀರಾನೆಗಳು ನಿದ್ರಿಸುತ್ತವೆ. ಕಾರಿನ ಕಿಟಕಿ ಮತ್ತು ನೀರಿನ ನಡುವೆ ಹೆಚ್ಚೆಂದರೆ ಒಂದೆರಡು ಮೀಟರ್. ಸ್ಕುಕುಜಾದಲ್ಲಿ, ಲೋವರ್ ಸಾಬಿಯಲ್ಲಿ ತಗ್ಗು ಸೇತುವೆಯ ಮೇಲೆ ವಾಹನಗಳು ಆಮೆಯಂತೆ ಸರಿಯುವುದು ಇದೇ ಕಾರಣಕ್ಕೆ. ಎತ್ತರದ ಸೇತುವೆ ಬೇರೆ ಬಗೆಯ ಉಡುಗೊರೆ ಕೊಡುತ್ತದೆ. ವಾಹನದಿಂದ ಇಳಿಯುವುದೇ ಅಪರಾಧವಾಗಿರುವ ಈ ಉದ್ಯಾನದಲ್ಲಿ, ಓಲಿಫಂಟ್ಸ್, ಲೆಟಾಬಾ, ಲುವುವು ಸೇತುವೆಗಳ ಮೇಲೆ ಗುರುತು ಮಾಡಿದ ಗೆರೆಗಳ ನಡುವೆ ಇಳಿದು ನಿಲ್ಲಲು ಅನುಮತಿಯಿದೆ. ಪೊದೆಯಿಲ್ಲದ, ಎರಡೂ ಕಡೆ ದೂರದವರೆಗೆ ಕಾಣುವ ಜಾಗವೆಂಬುದು ಇದರ ಹಿಂದಿನ ತರ್ಕವಿರಬೇಕು. ಆದರೂ ಇಳಿಯುವ ಮುನ್ನ ಹಿಂದೆ ಮುಂದೆ ನೋಡುವುದು ಒಳ್ಳೆಯದು, ಏಕೆಂದರೆ ಸಿಂಹ, ಚಿರತೆ, ಕತ್ತೆಕಿರುಬಗಳಿಗೂ ಒದ್ದೆಯಾಗದೆ ನದಿ ದಾಟುವುದು ಇಷ್ಟ.

ಲುವುವು ಸೇತುವೆಯ ಆಚೆಗಿನ ನೆಲದ ಬಗ್ಗೆ ಒಂದು ಮಾತು. ಲುವುವು ಮತ್ತು ಲಿಂಪೊಪೊ ನದಿಗಳ ನಡುವೆ, ಮೂರು ದೇಶಗಳು ಕೂಡುವ ಆ ತ್ರಿಕೋನದಲ್ಲಿ ಮಾಕುಲೆಕೆ ಜನ ವಾಸಿಸುತ್ತಿದ್ದರು. 1969ರಲ್ಲಿ ವರ್ಣಭೇದ ಸರ್ಕಾರ ಅವರನ್ನು ಒಕ್ಕಲೆಬ್ಬಿಸಿ ನೆಲವನ್ನು ಉದ್ಯಾನಕ್ಕೆ ಸೇರಿಸಿತು. 1998ರಲ್ಲಿ ಒಡೆತನ ಅವರಿಗೆ ಮರಳಿ ಬಂತು, ಅವರು ಅದನ್ನು ಉದ್ಯಾನದ ಭಾಗವಾಗಿಯೇ ಉಳಿಸಿಕೊಂಡು ಪ್ರವಾಸೋದ್ಯಮದ ಆದಾಯ ಪಡೆಯಲು ಒಪ್ಪಿದರು. ಅದೇ 1998ರಲ್ಲಿ ದೇಶಕ್ಕೆ ಹೊಸ ಜಲ ಕಾಯಿದೆಯೂ ಬಂತು. ಜನರ ಮೂಲ ಅಗತ್ಯಕ್ಕೂ ನದಿಯ ಸ್ವಂತ ಬದುಕಿಗೂ ಬೇಕಾದಷ್ಟು ನೀರನ್ನು ಮೊದಲು ತೆಗೆದಿಡಬೇಕು, ಉಳಿದದ್ದನ್ನು ಮಾತ್ರ ಹೊಲಕ್ಕೂ ಗಣಿಗೂ ಹಂಚಬೇಕು ಎಂದು ಅದು ಹೇಳುತ್ತದೆ. ಸ್ವಾಭಾವಿಕವಾಗಿ ವರ್ಷಪೂರ್ತಿ ಹರಿಯಬೇಕಾದ ಲೆಟಾಬಾ ನದಿ ಮೇಲ್ಗಡೆಯ ನೀರಾವರಿಯಿಂದಾಗಿ ಚಳಿಗಾಲದಲ್ಲಿ ಬತ್ತತೊಡಗಿದ್ದನ್ನೂ, ಕ್ರೊಕೊಡೈಲ್ ನದಿಯ ದಕ್ಷಿಣ ದಡದುದ್ದಕ್ಕೂ ಕಬ್ಬಿನ ಗದ್ದೆಗಳು ಹಬ್ಬಿರುವುದನ್ನೂ ನೆನೆದರೆ ಈ ಕಾಯಿದೆಯ ತೂಕ ತಿಳಿಯುತ್ತದೆ. ಸೇತುವೆಯ ಅಡಿ ಫೆಬ್ರವರಿಯಲ್ಲಿ ಎಷ್ಟು ನೀರು ಹೋಗುತ್ತದೆ ಎಂಬುದು ಎಂಜಿನಿಯರನ ಚಿಂತೆಯಾದರೆ, ಆಗಸ್ಟ್‌ನಲ್ಲಿ ಎಷ್ಟು ಹೋಗುತ್ತದೆ ಎಂಬುದು ಉದ್ಯಾನದ ಚಿಂತೆ.

1912ರ ಸೆಲಾಟಿ ರೈಲುಸೇತುವೆಯ ಕತೆ ಇಷ್ಟಕ್ಕೆ ಮುಗಿಯಲಿಲ್ಲ. ಹಳಿಯ ಮೇಲೆ ಬರುತ್ತಿದ್ದ ಪ್ರಾಣಿಗಳು ರೈಲಿಗೆ ಸಿಕ್ಕಿ ಸಾಯುತ್ತಿದ್ದವು. ಮಾರ್ಗವನ್ನು ಉದ್ಯಾನದ ಹೊರಗೆ ಬದಲಿಸಿದ ಮೇಲೆ 1973ರಲ್ಲಿ ಕೊನೆಯ ರೈಲು ಇದನ್ನು ದಾಟಿತು. ಪ್ರವಾಹದ ಮಟ್ಟಕ್ಕಿಂತ ಮೇಲೆ ಕಟ್ಟಿದ್ದರಿಂದ 2000ದ ನೀರಿಗೂ ಅದು ಬೀಳಲಿಲ್ಲ. 2020ರ ಕೊನೆಗೆ ಅದರ ಮೇಲೆ ಹಳೆಯ ಬೋಗಿಗಳ ಸಾಲೊಂದನ್ನು ತಂದು ನಿಲ್ಲಿಸಿ, ಒಳಗೆ ಕೋಣೆಗಳನ್ನು ಮಾಡಿ ಹೋಟೆಲು ತೆರೆದಿದ್ದಾರೆ. ಈ ಪ್ರದೇಶವನ್ನು ಆಳಿದ ತ್ಸೊಂಗಾ ಒಡತಿಯೊಬ್ಬಳ ನೆನಪಿನಲ್ಲಿ ಅದಕ್ಕೆ ಕ್ರೂಗರ್ ಶಲಾಟಿ ಎಂಬ ಹೆಸರು. ಎಲ್ಲಿಗೂ ಹೊರಡದ ಆ ರೈಲಿನ ಕಿಟಕಿಯಲ್ಲಿ ಕುಳಿತವರಿಗೆ ಕೆಳಗೆ ಸಾಬಿ ನದಿಯನ್ನು ಆನೆಗಳು ನಡೆದೇ ದಾಟುವುದು ಕಾಣುತ್ತದೆ.